ಎಡಗಿಸೆ

ಇಪ್ಪತ್ತೊಂಬತ್ತು ವರ್ಷ ಎಡಗಿಸೆ ಹೊಲಿದೆ.
ಎಡಗಿಸೆ ಮಾತ್ರ.
ಬಲದ್ದು ಪಕ್ಕದ ಮಷೀನಿನ ನೆರಿಸ್ ಪಾಲು.
ಗಣಿಯವರ ಕೋಟು, ಅಂಚೆಯವರ ಕೋಟು,
ಆಮೇಲಾಮೇಲೆ ಯಾರ ಕೋಟೋ.
ಪೂರ್ತಿ ಕೋಟನ್ನು ನಾವು ನೋಡುತ್ತಿದ್ದದ್ದು
ಬಸ್‌ಸ್ಟಾಪಿನಲ್ಲಿ, ಅದೂ ಬೆನ್ನಿನ ಕಡೆಯಿಂದ.

ಕಾರ್ಖಾನೆ ಮುಚ್ಚಿ ಆರು ಚಳಿಗಾಲ.
ವೇಲ್ಸ್‌ನ ಈ ಕಣಿವೆಯಲ್ಲಿ ಅದರ ಬಡಗಣ ಗೋಡೆಗೆ
ಬಿಸಿಲು ಬಿದ್ದದ್ದು ಯಾರ ನೆನಪಿನಲ್ಲೂ ಇಲ್ಲ.
ಒಡೆದ ಕೊಳವೆ ತೊಟ್ಟಿಕ್ಕುವ ಕಡೆ
ಜೇಡಿಮಣ್ಣಿನ ಮೇಲೆ ಅಂಗೈಯಗಲ ಹಸಿರು.
ಪಾಚಿ, ಅಂದೆ.
ಬಸ್ಸು ಓಡಿಸಿ ನಿವೃತ್ತನಾದ ಇಥೆಲ್
ಮಂಡಿಯೂರಿ, ನೆಲಕ್ಕೆ ಮೂಗು ಹಚ್ಚಿ,
‘ಪಾಚಿಗೆ ಎಲೆ ಎಲ್ಲಿಂದ ಬರಬೇಕು, ಟೆಗ್ವೆನ್?
ಇದು ಹಾವಸೆ’ ಅಂದ.

ಕೊರಳ ದಾರದ ಪುಟ್ಟ ಭೂತಗನ್ನಡಿ ಕೊಟ್ಟ.
ಗಾಜನ್ನು ಕಣ್ಣಿಗೇ ಒತ್ತಿ ಹಿಡಿ,
ಗಿಡವನ್ನು ಹತ್ತಿರ ತಾ, ಇನ್ನೂ ಹತ್ತಿರ.
ಮೊದಲು ಮಬ್ಬು, ನನ್ನದೇ ರೆಪ್ಪೆ.
ಆಮೇಲೆ ಒಂದು ಗರಿ:
ನಡುವೆ ದಂಟು, ಎಡಕ್ಕೊಂದು ಬಲಕ್ಕೊಂದು ಎಲೆ,
ಇಸ್ತ್ರಿ ಹಾಕಿದಷ್ಟು ಚಪ್ಪಟೆ.
ಒಂದೊಂದು ಎಲೆಯ ಬುಡವೂ ಎರಡು ಪದರಾಗಿ
ದಂಟನ್ನು ತಬ್ಬಿಕೊಂಡು
ಮೇಲಿನೆಲೆಯ ಕಾಲನ್ನು ಒಳಗಿಟ್ಟುಕೊಂಡಿದೆ.

ಇಥೆಲ್, ಇದು ಕಿಸೆ!
ಹೊಲಿಗೆ ನೋಡು, ಅರ್ಧ ಎಲೆಯವರೆಗೂ ಬಂದಿದೆ!
ಅವನು ಪುಸ್ತಕ ತೆಗೆದ.
ಓದಬೇಡ, ಅಂದೆ.
ನಮ್ಮ ಕಡೆ ಮೆಟ್ಟಿಲ ಕೆಳಗಿನ ಸಂದಿಗೂ
ಅಪ್ಪುಗೆಗೂ ಒಂದೇ ಮಾತು, ಕುಚ್.
ಪುಸ್ತಕದವರಿಗೆ ಅದು ಗೊತ್ತಿರಲಾರದು.

ಆದರೂ ಹೆಸರು ಬರೆಯುವುದು ಸುಲಭವಲ್ಲವಂತೆ.
ಕಿಸೆಯುಳ್ಳವು ಹಲವು ಜಾತಿ.
ಕಾಯಿಯ ಕಡ್ಡಿ ತುದಿಯಿಂದ ಎದ್ದರೆ ಒಂದು,
ಬುಡದಿಂದ ಎದ್ದರೆ ಇನ್ನೊಂದು.
ಕಾಯಿ ಬಿಡುವ ತನಕ ಕಾಯಬೇಕು.
ಗೋಡೆ ಕಾಯುವುದಿಲ್ಲ, ಮಾರ್ಚಿಗೆ ಕೆಡವುತ್ತಾರೆ.

ಚಮಚದಲ್ಲಿ ಒಂದಿಷ್ಟು ಎಬ್ಬಿ ತಂದೆ.
ಮೊದಲ ಸಲ ಮಜ್ಜಿಗೆಯಲ್ಲಿ ಅರೆದು ಬಳಿದೆ,
ಮಾರ್ಕೆಟ್ಟಿನಲ್ಲಿ ಯಾರೋ ಹೇಳಿದ್ದರು.
ನಾಲ್ಕೇ ದಿನಕ್ಕೆ ಬೂಷ್ಟು. ಬೆಕ್ಕಿಗೆ ಹಬ್ಬ.
ಎರಡನೇ ಸಲ ಅದರ ಮಣ್ಣನ್ನೇ ಹೊತ್ತು ತಂದು
ಬಿಸ್ಕತ್ತು ಡಬ್ಬಿಯ ಮುಚ್ಚಳದಲ್ಲಿ ಹಾಸಿ,
ಗರಿಗಳನ್ನು ಚೂರು ಮಾಡಿ ಉದುರಿಸಿ
ಹೆಬ್ಬೆಟ್ಟಿನಿಂದ ಅದುಮಿದೆ, ಅಡಿಯಲ್ಲಿ ಗಾಳಿ ಉಳಿಯದ ಹಾಗೆ.
ಮಳೆನೀರು, ಮಳೆನೀರೇ ಆಗಬೇಕು,
ಇಸ್ತ್ರಿಗೆ ಚಿಮುಕಿಸುತ್ತಿದ್ದ ಹಳೇ ಬಾಟಲಿಯಿಂದ.
ಬಚ್ಚಲ ಕಿಟಕಿ, ಬಡಗಣ ಬೆಳಕು.
ಗೊಬ್ಬರ ಬೇಡ. ಮುಟ್ಟಬೇಡ. ದಿನಾ ನೋಡಬೇಡ.
ಕೊನೆಯದೊಂದು ನನ್ನಿಂದಾಗಲಿಲ್ಲ.

ಏಳು ವಾರ ಬರೀ ಕೆಸರು.
ಗೋಡೆ ಬಿದ್ದ ದಿನವೂ ಕೆಸರೇ.
ನಾನೂ ನೆರಿಸೂ ರಸ್ತೆಯಾಚೆ ನಿಂತು ನೋಡಿದೆವು,
ಧೂಳು ಬಂದಾಗ ಇಬ್ಬರೂ ಬಾಯಿ ಮುಚ್ಚಿಕೊಂಡೆವು,
ಅಷ್ಟೆ.
ಎಂಟನೇ ವಾರ ಮಣ್ಣಿನ ಮೇಲೆ
ಹಸಿರು ನೂಲಿನ ಎಳೆಗಳು,
ಬಾಬಿನ್ನಿನಿಂದ ಜಾರಿ ಸಿಕ್ಕಾದಂಥವು.
ಆಮೇಲೆ ಗರಿ, ಉಗುರಿನ ಅಂಚಿನಷ್ಟು.

ಮರುವರ್ಷ ಜನವರಿಯಲ್ಲಿ ಒಂದು ಕೆಂಪು ಕಡ್ಡಿ
ಬುಡದಿಂದ ಎದ್ದಿತು. ಬುಡದಿಂದಲೇ.
ತುದಿಯ ಕಾಯಿ ಗುಂಡುಸೂಜಿಯ ತಲೆ.
ಇಥೆಲ್ ಹೆಸರು ಬರೆದ, ತಾರೀಖು ಬರೆದ,
‘ಸ್ಥಳ’ ಎಂಬಲ್ಲಿ ಪೆನ್ನು ನಿಲ್ಲಿಸಿದ.
ನೆಟ್ಟು ಬೆಳೆಸಿದ್ದು ಲೆಕ್ಕಕ್ಕಿಲ್ಲವಂತೆ,
ತಾನಾಗಿ ಬೆಳೆದ ಗೋಡೆ ಈಗ ಇಲ್ಲ.
ಆ ಜಾಗ ಖಾಲಿ ಬಿಟ್ಟು ಟೀ ಕುಡಿದ.

ನೆರಿಸ್ ಬಂದಳು. ಈಚೆಗೆ ಕೈ ನಡುಗುತ್ತದೆ ಅವಳಿಗೆ,
ಗಾಜನ್ನು ನಾನೇ ಹಿಡಿದುಕೊಂಡೆ.
ಎಷ್ಟೋ ಹೊತ್ತು ನೋಡಿ ಕೇಳಿದಳು:
‘ಬಲಗಡೆಯದನ್ನು ಯಾರೇ ಹೊಲಿದದ್ದು?
ನನ್ನ ಕೈಗಿಂತ ಚೆನ್ನಾಗಿದೆ.’

ಹೊರಡುವಾಗ ಒಂದು ಚೂರು ಕೇಳಿದಳು.
ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟೆ.
ಕೋಟಿನ ಎಡಗಿಸೆಗೆ ಇಳಿಸಿಕೊಂಡು
ಮೇಲಿಂದ ಒಮ್ಮೆ ತಟ್ಟಿ
ಮಳೆಯಲ್ಲೇ ಇಳಿದು ಹೋದಳು.
ಆ ಹೊಲಿಗೆ ನನ್ನದೇ ಇರಬಹುದು.
ನೋಡೋಣವೆಂದುಕೊಳ್ಳುವಷ್ಟರಲ್ಲಿ ಬಸ್ಸು ಬಂತು.